ಬಂದವರನ್ನು ಜಗಲಿಯಲ್ಲೇ ಕೇಳುವ ಷಾನಿಬಾ

ಮಲಬಾರ್ ಕರಾವಳಿಯ ಬೇಪೂರಿನ ಮಸೀದಿಯಲ್ಲಿ ನಸುಕಿನ ಸುಬಹಿ ಬಾಂಗು ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ಹಾರ್ಬರಿನ ಕಡೆ ಮೀನಿನ ಗಾಡಿಗಳ ಓಡಾಟ ಶುರುವಾಗಿದೆ. ಷಾನಿಬಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಕೂತಿದ್ದಾರೆ. ಒಲೆಯ ಮೇಲೆ ಅಕ್ಕಿಹಿಟ್ಟಿನ ಪುಟ್ಟು ಬೇಯುವ ಕೊಳವೆ ಆವಿ ಬಿಡುತ್ತಿದೆ, ಕೈಯ ಪಕ್ಕದಲ್ಲಿ ಸುಲೈಮಾನಿ ಚಹಾ ಆರುತ್ತಿದೆ. ಪರದೆಯ ಮೇಲೊಂದು ಹಸಿರು ಗುಂಡಿ. ಅದನ್ನು ಒತ್ತಿದರೆ ಅವರು ಬರೆದ ಹೊಸ ಸಾಫ್ಟ್‌ವೇರ್ ಕೋಡು ಊರೂರಿಗೆ ಹೋಗುತ್ತದೆ. ಬೆರಳು ಗುಂಡಿಯ ಹತ್ತಿರ ಹೋಗುತ್ತದೆ, ಸುಟ್ಟುಕೊಂಡ ಹಾಗೆ ವಾಪಸು ಬರುತ್ತದೆ.

"ಒತ್ತೋದಾದ್ರೆ ಒತ್ತು ಮೋಳೆ, ಇಲ್ಲಾಂದ್ರೆ ಮುಚ್ಚಿಡು. ಪುಟ್ಟು ಕಲ್ಲಾಗ್ತಾ ಇದೆ" ಎಂದು ಜಗಲಿಯಿಂದ ಅತ್ತೆ ಬಿಯ್ಯಾತು ಉಮ್ಮ ಸೊಸೆಗೆ ಕೂಗಿ ಹೇಳುತ್ತಾರೆ.

"ಒತ್ತಿದ್ರೆ ಯಾವ ಊರಲ್ಲಿ ಯಾರ ಕೆಲಸ ನಿಂತುಹೋಗತ್ತೋ ಗೊತ್ತಿಲ್ಲ ಉಮ್ಮ."

"ಒತ್ತದಿದ್ರೆ?"

ಒತ್ತದಿದ್ದರೆ ಏನಾಗುತ್ತದೆ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇವತ್ತು ಚಾಲಿಯಂನ ಹುಡುಗಿ ಹಿಬಾಗೆ ರಕ್ತ ಹಾಕಿಸುವ ದಿನ.

ಷಾನಿಬಾ ಮಾಡುವ ಕೆಲಸವನ್ನು ವಿವರಿಸಲು ಹೊರಟವರೆಲ್ಲ ಅರ್ಧಕ್ಕೆ ನಿಲ್ಲಿಸಿದ್ದಾರೆ. ಕೋಡು ಎಂದರೆ ಸಣ್ಣ ಸಣ್ಣ ಆಳುಗಳ ಗುಂಪು ಎಂದಿಟ್ಟುಕೊಳ್ಳಿ. ಒಬ್ಬನಿಗೆ ತಾರೀಕು ಕೊಟ್ಟರೆ ಬೋಟಿನ ಸಮಯ ಹೇಳುತ್ತಾನೆ, ಇನ್ನೊಬ್ಬನಿಗೆ ಹೆಸರು ಕೊಟ್ಟರೆ ಟೋಕನ್ ಕೊಡುತ್ತಾನೆ. ತಾರೀಕಿನ ಬದಲು ಹೆಸರು ಕೊಟ್ಟರೆ, ಏನೂ ಕೊಡದೇ ಹೋದರೆ, ಆ ಆಳು ಕಂಗಾಲು. ಹಾಗಾಗದಂತೆ ಕೊಟ್ಟದ್ದನ್ನು ಬಾಗಿಲಲ್ಲೇ ತಡೆದು, ಇದು ಸರಿಯಿದೆಯೇ ಎಂದು ನೋಡುವುದು ಷಾನಿಬಾ ಬರೆದಿಟ್ಟ ತುಣುಕುಗಳ ಕೆಲಸ. ವೆಬ್ ವಿಳಾಸದ ಕೊನೆಗೆ, ಪ್ರಶ್ನೆ ಚಿಹ್ನೆಯಾದ ಮೇಲೆ ಉದ್ದಕ್ಕೆ ನೇತಾಡುವ ಬಾಲವನ್ನು ಬಿಡಿಸಿ ಓದುವುದೂ, ಮತ್ತೆ ಕಟ್ಟುವುದೂ ಅವುಗಳದೇ ಕೆಲಸ. ಬಿಟ್ಟಿಯಾಗಿ ಸಿಗುವುದರಿಂದ ಯಾರು ಯಾರೋ ಎತ್ತಿಕೊಂಡು ಬಳಸುತ್ತಾರೆ. ಬಳಸುವವರಿಗೆ ಇವರ ಹೆಸರು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಅಗತ್ಯವೂ ಅವರಿಗೆ ಬಿದ್ದಿಲ್ಲ.

ಆ ತುಣುಕುಗಳಿಗೆ ಅವರಿಟ್ಟ ಹೆಸರು 'ಉಮ್ಮರಂ'. ಈ ಕಡೆ ಮನೆಯ ಮುಂದಿನ ಜಗಲಿಗೆ ಹಾಗೆನ್ನುತ್ತಾರೆ. ಹೆಸರಿಗೆ ಕಾರಣ ಬಿಯ್ಯಾತು ಉಮ್ಮ. ಜಗಲಿಯ ಕುರ್ಚಿಯಲ್ಲಿ ಕೂತು ಮೀನಿನವನನ್ನೂ ಪೋಸ್ಟಿನವನನ್ನೂ ಸ್ವಂತ ತಮ್ಮನನ್ನೂ "ಯಾರದು? ಏನು ಬೇಕು?" ಎಂದು ಕೇಳದೆ ಅವರು ಒಳಗೆ ಬಿಟ್ಟವರಲ್ಲ. ಪಕ್ಕದ ಮನೆಯಲ್ಲಿ ಇಷ್ಟು ವರ್ಷ ಬಾಡಿಗೆಗಿದ್ದು, ಸುದ್ದಿ ಬರೆಯಲು ಬಂದ ನನ್ನನ್ನೂ ಇವತ್ತು ಬೆಳಿಗ್ಗೆ ಕೇಳಿದ್ದಾರೆ.

"ಮದುವೆಯಾಗಿ ಬಂದ ದಿನ ನನ್ನನ್ನೂ ಕೇಳಿದ್ರು" ಎಂದು ಷಾನಿಬಾ ನಗುತ್ತಾರೆ. "ಆಗ ಅಳು ಬಂದಿತ್ತು. ಈಗ ಅನ್ಸತ್ತೆ, ನನ್ನ ಕೋಡಿಗಿಂತ ಉಮ್ಮಾನೇ ಜೋರು. ನಾನು ಸುಮ್ನೆ ಮರ್ಯಾದೆ ನೋಡ್ಕೊಂಡು ಹಾಳಾದೆ."

ಈ ಮರ್ಯಾದೆಯ ಕಥೆಯೇ ಅವರ ನಿದ್ದೆಗೆಡಿಸಿರುವುದು. ಮಾವೂರ್ ರಸ್ತೆಯ ಸಣ್ಣ ವೆಬ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಅವರು ಉಮ್ಮರಂ ಬರೆಯಲು ಶುರುಮಾಡಿದರು. ಹೆರಿಗೆಗೆ ರಜೆ ಕೇಳಿದಾಗ ಅಂಗಡಿಯವರು ಪೂರ್ತಿ ರಜೆಯನ್ನೇ ಕೊಟ್ಟರು. ಕೆಲಸ ಹೋಯಿತು, ಕೋಡು ಉಳಿಯಿತು. ಮಗುವಿಗೆ ತೊಟ್ಟಿಲು ತೂಗುತ್ತ ಬರೆದ ಆ ದಿನಗಳಲ್ಲಿ ಅವರು ಒಂದು ನಿಯಮ ಮಾಡಿಕೊಂಡರು. ಜನ ತಪ್ಪು ಮಾಡುವುದು ಸಹಜ, ಹೆಚ್ಚುಕಮ್ಮಿ ಇದ್ದರೆ ಬೈಯಬಾರದು, ಆಚೀಚೆಯ ಖಾಲಿ ಜಾಗ ಕತ್ತರಿಸಿ ಸರಿಮಾಡಿಕೊಳ್ಳಬೇಕು, ಅರ್ಥವಾಗದಿದ್ದರೆ ಸದ್ದಿಲ್ಲದೆ ಖಾಲಿ ಉತ್ತರ ಕೊಟ್ಟು ಕಳಿಸಬೇಕು.

ಹೋದ ತಿಂಗಳು ನೋಂಬು, ರಂಜಾನಿನ ಉಪವಾಸ. ಆ ಕಾಲದಲ್ಲಿ ಹಗಲು ರಕ್ತ ಕೊಡುವವರು ಸಿಗುವುದು ಮಲಬಾರಿನಲ್ಲಿ ಯಾವತ್ತೂ ಕಷ್ಟ. ಚಾಲಿಯಂನ ಬೋಟಿನ ಕೆಲಸದ ಹಂಸಕೋಯರ ಮಗಳು ಹಿಬಾಗೆ ಹುಟ್ಟಿನಿಂದಲೇ ತಲಸೇಮಿಯಾ. ತಿಂಗಳು ತಿಂಗಳು ರಕ್ತ ಹಾಕಿಸದಿದ್ದರೆ ಶಾಲೆಯ ಮೆಟ್ಟಿಲು ಹತ್ತಲಾರಳು. ಅವಳದು ಬಿ ಪಾಸಿಟಿವ್. ಫರೋಕ್‌ನ ಆಟೋ ಡ್ರೈವರ್ ಪ್ರಜೀಷ್ ರಕ್ತದಾನಿಗಳ ಒಂದು ಗುಂಪು ನಡೆಸುತ್ತಾರೆ, ಅದಕ್ಕೆ ಉಮ್ಮರಂ ಬಳಸುವ ಒಂದು ಜಾಲತಾಣವೂ ಇದೆ. ಯಾವ ಗುಂಪಿನ ರಕ್ತ ಯಾರಿಗೆ ಬೇಕಾಗಿದೆ ಎಂಬುದನ್ನು ತೋರಿಸುವ ಪುಟ ಅದರಲ್ಲಿದೆ. ಪ್ರಜೀಷ್ ಆ ಪುಟದ ಲಿಂಕನ್ನು ವಾಟ್ಸಾಪಿಗೆ ಹಾಕಿದರು. ವಿಳಾಸದ ಬಾಲದಲ್ಲಿ ಬಿ, ಅದರ ಮುಂದೆ ಪ್ಲಸ್ ಚಿಹ್ನೆ.

ವೆಬ್ ವಿಳಾಸಗಳ ಲೋಕದಲ್ಲಿ ಒಂದು ಹಳೇ ಕಟ್ಟಳೆ ಇದೆ. ಅಲ್ಲಿ ಪ್ಲಸ್ ಎಂದರೆ ಪ್ಲಸ್ ಅಲ್ಲ, ಖಾಲಿ ಜಾಗ. ನಿಜವಾದ ಪ್ಲಸ್ ಕಳಿಸಬೇಕಾದರೆ ಅದಕ್ಕೆ ಬೇರೆ ವೇಷ ಹಾಕಿ ಕಳಿಸಬೇಕು. ಯಾರೂ ಹಾಕಿರಲಿಲ್ಲ. ಪ್ಲಸ್ ದಾರಿಯಲ್ಲೇ ಖಾಲಿಯಾಯಿತು. ಉಮ್ಮರಂ ಆ ಖಾಲಿಯನ್ನು ಮರ್ಯಾದೆಯಿಂದ ಕತ್ತರಿಸಿತು. ಉಳಿದದ್ದು ಬರೀ ಬಿ. ಅಂಥ ಗುಂಪೇ ಇಲ್ಲ, ಆದ್ದರಿಂದ ಖಾಲಿ ಉತ್ತರ. ಲಿಂಕು ಒತ್ತಿದವರಿಗೆಲ್ಲ ಪುಟ ಹೇಳಿತು: "ಸದ್ಯಕ್ಕೆ ಯಾರಿಗೂ ರಕ್ತ ಬೇಕಾಗಿಲ್ಲ. ಧನ್ಯವಾದ."

ಜನ ಒಳ್ಳೆಯವರು. ಯಾರೋ ಆಗಲೇ ಕೊಟ್ಟಿರಬೇಕು ಅಂದುಕೊಂಡರು, ಸಮಾಧಾನದಿಂದ ಫೋನು ಕೆಳಗಿಟ್ಟರು. ಹಿಬಾ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಮಲಗಿಯೇ ಇದ್ದಳು. ಸಂಜೆ ಪ್ರಜೀಷ್ ಆಟೋ ಸ್ಟ್ಯಾಂಡಿನಿಂದ ಒಬ್ಬನನ್ನು ರಟ್ಟೆ ಹಿಡಿದು ಕರೆದುಕೊಂಡು ಹೋದ ಮೇಲೆ ಅವಳಿಗೆ ರಕ್ತ ಸಿಕ್ಕಿತು.

"ಮಗುವಿನ ತುಟಿ ಕಾಗದದ ಥರ ಆಗಿತ್ತಂತೆ" ಎನ್ನುವಾಗ ಷಾನಿಬಾ ನನ್ನ ಕಡೆ ನೋಡುವುದಿಲ್ಲ. "'ಗೊತ್ತಿಲ್ಲ' ಅನ್ಬೇಕಾದ ಕಡೆ ನನ್ನ ಕೋಡು 'ಇಲ್ಲ' ಅಂತು. ಬೇರೆ ಏನೂ ತಪ್ಪು ಮಾಡ್ಲಿಲ್ಲ. ಅಷ್ಟೇ."

ಈಗ ಎರಡೂ ಕಡೆ ಸರಿಮಾಡಿದ್ದಾರೆ. ಹೊಸದಾಗಿ ಕಟ್ಟುವ ಲಿಂಕಿನಲ್ಲಿ ಉಮ್ಮರಂ ಪ್ಲಸ್ಸಿಗೆ ವೇಷ ಹಾಕಿಯೇ ಕಳಿಸುತ್ತದೆ. ಓದುವ ಕಡೆ, ಅರ್ಥವಾಗದ್ದು ಬಂದರೆ ಜೋರಾಗಿ ತಕರಾರು ಎತ್ತುತ್ತದೆ. ಆದರೆ ಈ ಊರಲ್ಲಿ ಹಳೇ ಲಿಂಕಿಗೆ ಸಾವಿಲ್ಲ. ಮೂರು ಪೆರುನ್ನಾಳ್ ಹಬ್ಬದ ಹಿಂದಿನ ಶುಭಾಶಯವನ್ನೇ ಈ ವರ್ಷವೂ ಫಾರ್ವರ್ಡ್ ಮಾಡುವ ಜನ ಇವರು. ಹೋದ ತಿಂಗಳ ಸಂದೇಶಕ್ಕೆ ತಾರೀಕು ಬದಲಿಸಿ ಮತ್ತೆ ಕಳಿಸುತ್ತಾರೆ, ಬಾಲ ಹಾಗೇ ಇರುತ್ತದೆ.

ಪ್ರಜೀಷ್ ಇದಕ್ಕೊಂದು ಸುಲಭದ ಉಪಾಯ ಹೇಳಿದ್ದರು. "ಬರೀ ಬಿ ಬಂದ್ರೆ ಪಾಸಿಟಿವ್ ಅಂತ ಇಟ್ಕೊಳ್ಳಿ ಷಾನಿಬತ್ತಾ. ಊರು ತುಂಬ ಅವ್ರೇ ಇರೋದು."

"ಕೆಲವ್ರು ಚಿಹ್ನೆ ಹಾಕೋದೇ ಮರೀತಾರೆ ಪ್ರಜೀಷ್. ಅದು ನೆಗೆಟಿವ್ ಆಗಿದ್ರೆ? ಸಿಗೋದೇ ಅಪರೂಪದ ಆ ಒಬ್ಬ ಬಂದು ಪಾಸಿಟಿವ್ ಪುಟ ನೋಡಿ ಹೊರಟುಹೋದ್ರೆ? ಊಹೆ ಮಾಡೋ ಕೆಲಸ ನಂದಲ್ಲ."

"ಹಾಗಾದ್ರೆ ಏನು ಮಾಡತ್ತೆ ನಿಮ್ಮ ಕೋಡು?"

"ಅರ್ಥ ಆಗ್ಲಿಲ್ಲ ಅನ್ನತ್ತೆ. ನಿಮ್ಮ ನಂಬರ್ ಕೊಡತ್ತೆ."

"ಕೊಲ್ಲಿ ನನ್ನ" ಎಂದಿದ್ದರು ಪ್ರಜೀಷ್.

ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ಉಮ್ಮರಂನ ಮೆತ್ತಗಿನ ಸ್ವಭಾವವನ್ನು ನಂಬಿಕೊಂಡು ಅರ್ಧಂಬರ್ಧ ವಿಳಾಸ ಕಳಿಸುತ್ತಲೇ ದಿನ ತಳ್ಳುತ್ತಿರುವ ಪುಟಗಳು ಎಷ್ಟಿವೆಯೋ. ಇದ್ದಕ್ಕಿದ್ದಂತೆ ಬಿಗಿಮಾಡಿದರೆ ಅವು ಮುಗ್ಗರಿಸುತ್ತವೆ. ಷಾನಿಬಾ ಮುಂಚೆಯೇ ಎಲ್ಲರಿಗೂ ತಿಳಿಸಿದ್ದಾರೆ. ಓದುವವರು ಯಾರು?

ಕೊನೆಗೆ ಅವರು ಕಣ್ಣುಮುಚ್ಚಿ ಬಿಸ್ಮಿಲ್ಲಾ ಹೇಳಿ ಗುಂಡಿ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಪ್ರಜೀಷರ ತಾಣವೂ ಹೊಸದನ್ನು ತೆಗೆದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಏನೂ ಬದಲಾಗಿಲ್ಲ. ಪುಟ್ಟು ತಟ್ಟೆಗೆ ಬಂದಿದೆ, ಅವರು ಮುಟ್ಟುವುದಿಲ್ಲ. ನಾನು ಉಮ್ಮ ನೋಡುತ್ತಿದ್ದಾರೆ ಎಂದು ತಿನ್ನುತ್ತಿದ್ದೇನೆ.

ಮೊದಲ ದೂರು ಬರುವುದು ದೂರದೇಶದ ಸುರಬಯಾದಿಂದ. ದೋಣಿಗಳ ವೇಳಾಪಟ್ಟಿ ನಡೆಸುವವನೊಬ್ಬ, ನಿಮ್ಮ ಹೊಸ ಕೋಡು ಹಾಕಿದ ಕೂಡಲೇ ನನ್ನ ಪುಟ ನಿಂತಿತು ಎಂದು ಬರೆದಿದ್ದಾನೆ. ಷಾನಿಬಾ ಕೂಡಲೇ ಅವನ ಕೋಡನ್ನು ತೆರೆಯುತ್ತಾರೆ. ಓದಿ ನೋಡಿದರೆ, ಅವನ ಪುಟ ಇಷ್ಟು ದಿನವೂ ತಾರೀಕು ಇಲ್ಲದೆಯೇ ಬೋಟು ಕೇಳುತ್ತಿತ್ತು. ಎಲ್ಲಿ ತಿದ್ದಬೇಕೆಂದು ಅವರು ವಿವರವಾಗಿ ಬರೆಯುತ್ತಾರೆ, ಕೊನೆಗೆ ಕ್ಷಮೆಯನ್ನೂ ಕೇಳುತ್ತಾರೆ. "ತಪ್ಪು ಅವನದ್ದೇ. ಆದ್ರೆ ಬೋಟಿಗೆ ಕಾಯ್ತಾ ನಿಂತವ್ರದ್ದಲ್ವಲ್ಲ" ಎನ್ನುತ್ತಾರೆ.

ಆಮೇಲೆ ಪ್ರಜೀಷರಿಗೆ ಫೋನು ಮಾಡುತ್ತಾರೆ. ಬ್ಯುಸಿ. ಮತ್ತೆ ಮಾಡುತ್ತಾರೆ. ಬ್ಯುಸಿ.

"ಆಸ್ಪತ್ರೆಯವ್ರ ಹತ್ರ ಮಾತಾಡ್ತಿರ್ಬೇಕು" ಎಂದು ನಾನು ಸಮಾಧಾನ ಹೇಳುತ್ತೇನೆ.

"ಇಷ್ಟು ಹೊತ್ತು ಆಸ್ಪತ್ರೆಯವ್ರ ಹತ್ರ ಮಾತಾಡೋ ಹಾಗಿದ್ರೆ ಏನೋ ಆಗಿದೆ ಅಂತ್ಲೇ ಅರ್ಥ." ಷಾನಿಬಾ ಇನ್ನೊಂದು ನಂಬರ್ ಒತ್ತುತ್ತಾರೆ. ಹಂಸಕೋಯರಿಗೆ ಮಾಡಿದರೆ ಎತ್ತುವವರಿಲ್ಲ. ಬಿಸಿಲು ಹಿತ್ತಲಿನ ತೆಂಗಿನ ಬುಡಕ್ಕೆ ಇಳಿದಿದೆ. ತಟ್ಟೆಯ ಪುಟ್ಟು ಒಣಗಿದೆ. ಬಿಯ್ಯಾತು ಉಮ್ಮ ಜಪಮಾಲೆ ಎಣಿಸುತ್ತಿದ್ದಾರೆ.

ಆಗ ಬಾಗಿಲಿಗೆ ಆಟೋ ಬಂದು ನಿಲ್ಲುತ್ತದೆ.

"ಯಾರದು? ಏನು ಬೇಕು?" ಉಮ್ಮನ ದನಿ ಏಳುತ್ತದೆ.

"ನಾನೇ ಉಮ್ಮ, ಪ್ರಜೀಷ್! ನಿಮ್ಮ ಸೊಸೆ ಬೇಕು, ಎರಡು ಮಾತು ಬೈಬೇಕು!" ಪ್ರಜೀಷ್ ಫೋನನ್ನು ಮೇಲೆತ್ತಿ ತೋರಿಸುತ್ತ ಒಳಗೆ ಬರುತ್ತಾರೆ. ಅದು ಬಡಿದುಕೊಳ್ಳುತ್ತಲೇ ಇದೆ. "ನೋಡಿ ಇದನ್ನ! ಮುಟ್ಟಿದ್ರೆ ಬಿಸಿ. ನಾನು ಹೊಸ ಲಿಂಕ್ ಕಳ್ಸೋದ್ರೊಳಗೆ ಆ ಹಂಸಕೋಯ ಹೋದ ತಿಂಗಳ ಮೆಸೇಜನ್ನೇ ಊರಿಗೆಲ್ಲ ಹಂಚಿಬಿಟ್ಟಿದಾನೆ. ಒತ್ತಿದವ್ರೆಲ್ಲ ನಂಗೆ ಫೋನ್. ಪುಟಕ್ಕೆ ಅರ್ಥ ಆಗಿಲ್ವಂತೆ, ನಿಮ್ಗಾದ್ರೂ ಆಗಿದ್ಯಾ ಅಂತ ಕೇಳ್ತಾರೆ! ಒಬ್ಬ ಅಂತೂ ಬೈದೇಬಿಟ್ಟ."

"ಹಿಬಾ?" ಷಾನಿಬಾ ಕೇಳುವುದು ಅಷ್ಟೇ.

ಪ್ರಜೀಷರ ದನಿ ಇಳಿಯುತ್ತದೆ. "ಹಾಕ್ತಾ ಇದಾರೆ. ಬೈದವನೇ ಮೊದಲು ಹೋಗಿದ್ದು. ಇನ್ನೂ ಇಬ್ರು ಹೊರಗೆ ಕಾಯ್ತಾ ಕೂತಿದಾರೆ, ಬೇಡ ಅಂದ್ರೂ ಹೋಗ್ತಿಲ್ಲ."

ಷಾನಿಬಾ ಗೋಡೆಗೆ ಒರಗಿ ನಿಲ್ಲುತ್ತಾರೆ. ತಲೆಗೆ ಹೊದ್ದ ತಟ್ಟದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ನನಗೂ ಕಣ್ಣು ತುಂಬಿದೆ, ಅದನ್ನು ಮುಚ್ಚಿಡಲು ತಣ್ಣಗಾದ ಸುಲೈಮಾನಿ ಎತ್ತಿ ಕುಡಿಯುತ್ತೇನೆ. ಸುದ್ದಿ ಬರೆಯುವವನಿಗೆ ಕೊನೆಯ ಪ್ರಶ್ನೆ ಇರಬೇಕಲ್ಲ, ಮುಂದೆ ಏನು ಆಸೆ ಎಂದು ಕೇಳುತ್ತೇನೆ.

"ಸುರಬಯಾದವ್ನು ಬೋಟು ಸರಿಹೋಯ್ತು ಅಂತ ಒಂದು ಸಾಲು ಬರೆದ್ರೆ ಸಾಕು. ಅಲ್ಲಿವರೆಗೂ ನಂಗೆ ಊಟ ಸೇರಲ್ಲ" ಎನ್ನುತ್ತಾರೆ.

ಪ್ರಜೀಷರ ಫೋನು ಮತ್ತೆ ಹೊಡೆದುಕೊಳ್ಳುತ್ತದೆ. ಅವರು ಕೈಮುಗಿದು ಅದನ್ನು ಷಾನಿಬಾರ ಕೈಗೆ ಕೊಟ್ಟುಬಿಡುತ್ತಾರೆ. ತಮ್ಮ ಕೋಡನ್ನು ಗೊತ್ತಿಲ್ಲದೆಯೇ ಬಳಸಿದ ಅಪರಿಚಿತರೊಬ್ಬರ ದನಿಯನ್ನು ಷಾನಿಬಾ ಕೇಳುತ್ತಿರುವುದು ಇದೇ ಮೊದಲು. ಹೆಂಗಸಿನ ದನಿ. ಅಡುಗೆಮನೆಗೆಲ್ಲ ಕೇಳುವಷ್ಟು ಜೋರು.

"ಏನೋ ಅರ್ಥ ಆಗ್ಲಿಲ್ಲ ಅಂತ ಬರ್ತಾ ಇದೆ. ಯಾರಿಗೋ ರಕ್ತ ಬೇಕಿತ್ತಾ?"

ಷಾನಿಬಾ ಒಂದು ಸಲ ಜಗಲಿಯ ಕಡೆ, ಅತ್ತೆಯ ಬೆನ್ನಿನ ಕಡೆ ನೋಡುತ್ತಾರೆ. ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಮಾತಾಡ್ತಾ ಇರೋದು ಯಾರು?" ಎನ್ನುತ್ತಾರೆ. "ನಿಮ್ದು ಯಾವ ಗುಂಪು? ಪ್ಲಸ್ಸಾ, ಮೈನಸ್ಸಾ? ಬಿಡಿಸಿ ಹೇಳಿ."