ಹೂಂ ಅಂದರೆ ಮುಂದೆ

ಕುರುಗೋಡಿನ ಕೊಟ್ರಮ್ಮಜ್ಜಿ ಕಥೆ ಹೇಳಬೇಕಾದರೆ ಒಂದು ಕರಾರು ಇತ್ತು. ಮಾತು ಮಾತಿಗೂ ಕೇಳುವವರು 'ಹೂಂ' ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು. "ನಾ ಏನು ಗ್ವಾಡಿಗೆ ಹೇಳಾಕ ಹತ್ತೀನೇನು?" ಎಂದು ಮುದುಕಿ ಎದ್ದೇಬಿಡುತ್ತಿದ್ದಳು. ಆಕೆಯ ಮೊಮ್ಮಗಳು ದಾಕ್ಷಾಯಣಮ್ಮ ಈ ಕರಾರನ್ನು ಮುಂದೊಂದು ದಿನ ಕಂಪ್ಯೂಟರಿಗೆ ಕಲಿಸಿದಳು, ಅದರಿಂದಲೇ ಒಬ್ಬನ ಕೆಲಸವನ್ನೂ ಕಳೆದಳು.

ಅದು ೧೯೮೭. ಬಳ್ಳಾರಿಯ ಪಾರ್ವತಿನಗರದಲ್ಲಿ ಎರ್ರಿಸ್ವಾಮಿ ಎಂಬವರ ಸಣ್ಣ ಕಂಪನಿ; ಮಾಳಿಗೆಯ ಮೇಲೆ ಎರಡು ಕೋಣೆ, ಒಟ್ಟು ಮೂರು ಜನ, ಅವರಲ್ಲಿ ದಾಕ್ಷಾಯಣಮ್ಮನೂ ಒಬ್ಬಳು. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ನೆಲ್ಲು ಒಣಗಿಸುವ ಯಂತ್ರವನ್ನು ಕಂಪ್ಯೂಟರೇ ನೋಡಿಕೊಳ್ಳುವಂತೆ ಮಾಡುವುದು ಅವರು ಹಿಡಿದ ಕೆಲಸ. ಪ್ರೋಗ್ರಾಮಿನಲ್ಲಿ ಮೂರು ಎಳೆಗಳು ಒಟ್ಟಿಗೇ ಓಡಬೇಕು. ಒಂದು ಕಾವು ನೋಡುತ್ತದೆ, ಒಂದು ನೆಲ್ಲಿನ ತೇವ ನೋಡುತ್ತದೆ, ಇನ್ನೊಂದು ಬಿಸಿಗಾಳಿಯ ಬಾಗಿಲು ತೆರೆದು ಮುಚ್ಚುತ್ತದೆ. ಬಾಗಿಲಿನ ಭಾಗ ಬರೆದವನು ಸಿರುಗುಪ್ಪದ ಹತ್ತಿರದ ಕರೂರಿನ ಮಾರೆಣ್ಣ. ಅವನ ಅವ್ವ ಊರವರ ಗದ್ದೆಗಳಲ್ಲಿ ನಾಟಿ ಹಚ್ಚಿ ಹಚ್ಚಿ ಮಗನನ್ನು ಡಿಪ್ಲೊಮಾ ಓದಿಸಿದ್ದಳು. ಅವರ ಕೇರಿಯಲ್ಲಿ ಕುರ್ಚಿಯ ಮೇಲೆ ಕೂತು ದುಡಿದ ಮೊದಲನೆಯವನು ಅವನೇ.

ಎಳೆಯೊಂದು ಸಿಕ್ಕಿಬಿದ್ದರೆ ತಪ್ಪು ಎಲ್ಲಿ ಎಂದು ತಿಳಿಯುವುದು ಹೇಗೆ? ಪ್ರೋಗ್ರಾಮಿನಲ್ಲಿ ಒಂದು ಭಾಗ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಯಾರು ಯಾರನ್ನು ಕರೆದರು ಎಂಬ ಗುರುತೆಲ್ಲ ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಮೇಲಿನದು ಕಡೆಗೆ ಬಂದದ್ದು. ಅದನ್ನು ಬಿಚ್ಚಿ ತೋರಿಸುವ ಸಾಧನ ಬರೆಯುವ ಕೆಲಸ ದಾಕ್ಷಾಯಣಮ್ಮನ ಪಾಲಿಗೆ ಬಂತು. ಆಕೆ ಅಜ್ಜಿಯ ಪದ್ಧತಿಯನ್ನೇ ಹಿಡಿದಳು. ಸಾಧನ ಎಳೆಯನ್ನು ನಿಲ್ಲಿಸಿ ಮೇಲಿನಿಂದ ಒಂದೊಂದೇ ಗುರುತು ತೆಗೆಯುತ್ತದೆ. ತೆಗೆದಾಗಲೆಲ್ಲ, ಬೇಕಾದವರು ಬರೆದುಕೊಟ್ಟ ಒಂದು ಪ್ರೋಗ್ರಾಮಿನ ತುಣುಕನ್ನು ಕರೆದು ಅದರ ಕೈಗೆ ಒಪ್ಪಿಸುತ್ತದೆ. ತುಣುಕು ಅದನ್ನು ಅಚ್ಚು ಹಾಕಲಿ, ಬಿಡಲಿ, ಅದರ ಇಷ್ಟ. ಅದು ತಿರುಗಿ 'ಒಂದು' ಅಂದರೆ ಹೂಂ, ಮುಂದಿನದು ತೆಗೆ. 'ಸೊನ್ನೆ' ಅಂದರೆ ಕೇಳುವವನು ಮಲಗಿದ, ಸಾಕು ಮಾಡು. ಕಡೆಗೆ ಕಾಗದದ ಮೇಲೆ 'ಮುಗಿಯಿತು' ಎಂದು ಮೂಡುತ್ತದೆ. ಪೂರ್ತಿ ಬಿಚ್ಚಿದರೂ ಅದೇ ಮಾತು, ನಡುವೆ ನಿಲ್ಲಿಸಿದರೂ ಅದೇ ಮಾತು. ಒಂದು ಯಾವುದಕ್ಕೆ, ಸೊನ್ನೆ ಯಾವುದಕ್ಕೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು, ಇದನ್ನೇನು ಬರೆದಿಡುವುದು ಎಂದು ವಿವರದ ಪುಸ್ತಕದಲ್ಲಿ ಬರೆಯಲೂ ಇಲ್ಲ ಪುಣ್ಯಾತ್ಗಿತ್ತಿ. ಜಾಣರಿಗೆ ಅಷ್ಟು ಸೊಕ್ಕು ಇರುತ್ತದೆ ಅನ್ನಿ.

ಸುಗ್ಗಿಯ ಹೊತ್ತಿಗೆ ಮಿಲ್ಲಿನಲ್ಲಿ ಒಮ್ಮೆ ತೆರೆದ ಬಾಗಿಲು ಮುಚ್ಚಲೇ ಇಲ್ಲ. ನೆಲ್ಲು ಅತಿಯಾಗಿ ಒಣಗಿ, ಮಿಲ್ಲಿಗೆ ಹಾಕಿದರೆ ಬರೀ ನುಚ್ಚು. ಎರ್ರಿಸ್ವಾಮಿ ಸಿರುಗುಪ್ಪಕ್ಕೆ ಓಡಿದರು, ತಾವೇ ಒಂದು ತುಣುಕು ಬರೆದು ಎಳೆಯನ್ನು ಬಿಚ್ಚಿಸಿದರು. ಅವರು ಕಲಿತ ಕಡೆ ಸೊನ್ನೆ ಎಂದರೆ 'ತೊಂದರೆ ಇಲ್ಲ' ಎಂದರ್ಥ. ಅವರ ತುಣುಕು ಸೊನ್ನೆ ಎಂದಿತು, ಸಾಧನ ನಿಂತಿತು. ಕಾಗದದಲ್ಲಿ ಒಂದೇ ಸಾಲು, ಮಾರೆಣ್ಣನ ಬಾಗಿಲು. ಕೆಳಗೆ 'ಮುಗಿಯಿತು'.

ಮರುದಿನ ಬೆಳಿಗ್ಗೆ ಆ ಕಾಗದವನ್ನು ಮಾರೆಣ್ಣನ ಮುಂದೆ ಇಟ್ಟರು. "ಮಿಲ್ಲಿನವರಿಗೆ ನಿನ್ನ ಹೆಸರು ಹೇಳಿ ಬಂದೀನಿ. ನಾಳಿಂದ ಬರಬ್ಯಾಡ."

"ಬಾಗಿಲು ತಾನಾಗೇ ತೆರಿಯಂಗಿಲ್ರಿ ಸಾರ್. ಯಾರೋ ಅದನ್ನ ಕರದಿರಬೇಕು. ಆ ಕರದವರು..." ಎನ್ನುತ್ತ ಮಾರೆಣ್ಣ ದಾಕ್ಷಾಯಣಮ್ಮನ ಕಡೆ ನೋಡಿದ.

ಒಂದೇ ಸಾಲು ಬರುವುದು ಸಾಧ್ಯವಿಲ್ಲ ಎಂದು ಆಕೆಗೂ ಅನಿಸಿತ್ತು. ಆದರೆ ತನ್ನ ಸಾಧನದಲ್ಲೇ ಐಬು ಇರಬಹುದು ಎನ್ನಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಕೀಲಿಮಣೆ ನೋಡುತ್ತ ಕೂತಳು. ಮಾರೆಣ್ಣ ಮಾತನ್ನು ಅಲ್ಲಿಗೇ ಬಿಟ್ಟ, ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದ.

ಮೂರು ದಿನ ಆಕೆಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮಿಲ್ಲಿನ ಅವತ್ತಿನ ಅಂಕಿಗಳನ್ನೇ ಮತ್ತೆ ಹಾಕಿ, ಎರ್ರಿಸ್ವಾಮಿಯವರ ತುಣುಕಿನಲ್ಲಿ ಸೊನ್ನೆ ಇದ್ದಲ್ಲಿ 'ಒಂದು' ಎಂದು ಬರೆದು, ಎಳೆಯನ್ನು ಬಿಚ್ಚಿದಳು. ಏಳು ಸಾಲು ಬಂದವು. ಮೂರನೆಯದು ಎರ್ರಿಸ್ವಾಮಿ ಸ್ವತಃ ಬರೆದ ಭಾಗ. ತೇವದ ಅಂಕಿ ಬಾರದಿದ್ದರೆ ಬಾಗಿಲು ತೆರೆದೇ ಇರಲಿ ಎಂದದ್ದು ಅದು. ಮಾರೆಣ್ಣನ ಬಾಗಿಲು ಹೇಳಿದ ಹಾಗೆ ಕೇಳಿತ್ತು, ಅಷ್ಟೇ.

ಕಾಗದ ಹಿಡಿದು ಹೋಗಿ ಎರ್ರಿಸ್ವಾಮಿಯವರ ಮುಂದೆ ಒಂದೊಂದೇ ಸಾಲು ಓದಿದಳು. ಪ್ರತಿ ಸಾಲಿಗೂ ಅವರು "ಹೂಂ" ಅಂದರು. ಮೂರನೆಯದಕ್ಕೂ ಹೂಂ. ಏಳೂ ಆದ ಮೇಲೆ ಕನ್ನಡಕ ತೆಗೆದು, "ಮುಗೀತೇನವ್ವಾ? ಮಿಲ್ಲಿನವರಿಗೆ ಒಂದು ಮಾತು ಹೇಳಿ ಆಗೈತಿ. ಈಗ ತಿದ್ದಾಕ ಹೋದ್ರ ಕಂಪನಿ ಮಾನ ಹೋಗತೈತಿ," ಎಂದರು. ಹೂಂ ಅಂದವರೆಲ್ಲ ಕೇಳಿಸಿಕೊಂಡಿರುವುದಿಲ್ಲ ಎಂದು ಅಜ್ಜಿ ಹೇಳಿಕೊಟ್ಟಿರಲಿಲ್ಲ, ನೋಡಿ. ಆಕೆ ಕಾಗದ ಮಡಚಿಕೊಂಡು ಸಿರುಗುಪ್ಪದ ಬಸ್ಸು ಹತ್ತಿ, ಅಲ್ಲಿಂದ ಕರೂರಿಗೆ ಹೋದಳು.

ಮಾರೆಣ್ಣ ಅವ್ವನ ಜೊತೆ ಗದ್ದೆಗೆ ಎರಡನೆಯ ಬೆಳೆಯ ಸಸಿಯ ಕಟ್ಟು ಹೊರುತ್ತಿದ್ದ. "ಮಾರೆಣ್ಣ, ತಪ್ಪು ನಿಂದಲ್ಲ," ಎಂದು ಆಕೆ ಬದುವಿನ ಮೇಲೆ ನಿಂತೇ ಶುರು ಮಾಡಿದಳು. ಸೊನ್ನೆಯ ವಿಷಯ ಹೇಳಿದಳು, ಏಳು ಸಾಲು ಬಂದದ್ದು ಹೇಳಿದಳು, ಕಾಗದ ಬಿಚ್ಚಿ ಓದತೊಡಗಿದಳು. ಅವನು ಕೆಸರುಗಾಲಲ್ಲಿ ನಿಂತು ಕೇಳಿದ. ಹೂಂ ಮಾತ್ರ ಅನ್ನಲಿಲ್ಲ. ಎರಡನೆಯ ಸಾಲಿಗೆ ಆಕೆ ಓದುವುದನ್ನು ನಿಲ್ಲಿಸಿದಳು.

"ಯಾಕ ನಿಲ್ಲಿಸಿದ್ರಿ ಅಕ್ಕಾರ?"

"ನೀನು ಹೂಂ ಅನವಲ್ಲಿ."

"ಅವತ್ತು ನಾನೂ ಹೇಳಾಕ ಹತ್ತಿದ್ನಲ್ರಿ. ನಿಮ್ಮ ಮಾರಿ ನೋಡಿದೆ. ನೀವೊಂದು ಹೂಂ ಅಂದಿದ್ರ ಪೂರಾ ಹೇಳತಿದ್ದೆ."

ದಾಕ್ಷಾಯಣಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಅನಿಸಿತು. "ಇಲ್ಲಿಂದ ಮಿಲ್ಲಿಗೇ ಹೋಗ್ತೀನಿ. ಅವರ ಮುಂದ ಏಳೂ ಸಾಲು ಓದ್ತೀನಿ. ನನ್ನ ಕೆಲಸ ಹೋದ್ರ ಹೋಗಲಿ. ನೀನೂ ಬಾ," ಎಂದಳು.

ಮಾರೆಣ್ಣ ಬಗ್ಗಿ ಸಸಿಯ ಕಟ್ಟನ್ನು ತಲೆಗೆ ಎತ್ತಿಕೊಂಡ.

"ಮೊದಲು ನೀವು ಓದಿ ಬರ್ರಿ," ಎಂದ. "ಆಮ್ಯಾಲ ನಾನು ಹೂಂ ಅಂತೀನಿ."