ಇಲ್ಲಿಂದ ಇಲ್ಲಿತನಕ

ಇಪ್ಪತ್ತೆರಡು ವರ್ಷ ನಾನು ಕನ್ನಡ ಕಲಿಸಿದ್ದು ಒಂದು ಪೆನ್ಸಿಲಿನ ಬಲದಿಂದ. ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆ ನಮ್ಮದು. ಪಾಠವನ್ನು ಒಮ್ಮೆ ಗಟ್ಟಿಯಾಗಿ ಓದಿಸುವುದು, ಆಮೇಲೆ ನೇರವಾಗಿ ಕೊನೆಯ ಪ್ರಶ್ನೆಗಳಿಗೆ ಬರುವುದು. ‘ಒಂದನೇ ಪ್ರಶ್ನೆ, ಮೂರನೇ ಸಾಲು, ಇಲ್ಲಿಂದ ಇಲ್ಲಿತನಕ’ ಎಂದು ನಾನು ಹೇಳುತ್ತಿದ್ದಂತೆ ಮಕ್ಕಳು ಆ ಸಾಲುಗಳಿಗೆ ಪೆನ್ಸಿಲಿನಿಂದ ಕಂಸ ಹಾಕಿ ಪಕ್ಕದಲ್ಲಿ ಪ್ರಶ್ನೆಯ ಸಂಖ್ಯೆ ಬರೆದುಕೊಳ್ಳುತ್ತಿದ್ದರು. ಕಂಸದ ಒಳಗಿನದು ಬಾಯಿಪಾಠ, ಹೊರಗಿನದಕ್ಕೆ ದೂರದಿಂದಲೇ ನಮಸ್ಕಾರ. ಪುಸ್ತಕಗಳು ಅಕ್ಕನಿಂದ ತಂಗಿಗೆ ಇಳಿದು ಬರುವುದರಿಂದ ಕಂಸಗಳೂ ಇಳಿದು ಬರುತ್ತಿದ್ದವು. ಗಂಟಲು ನೋವೆಂದು ನಾನು ಎರಡು ದಿನ ಬಾರದಿದ್ದರೂ ಪಾಠ ನಿಲ್ಲುತ್ತಿರಲಿಲ್ಲ. ನನ್ನ ವಿಷಯದ ಫಲಿತಾಂಶ ಯಾವಾಗಲೂ ಚೆನ್ನ. ಅದಕ್ಕಾಗಿ ನನಗೆ ಒಂದು ಶಾಲು, ಒಂದು ತೆಂಗಿನಕಾಯಿ ಕೂಡ ಸಿಕ್ಕಿವೆ.

ಹೀಗೆ ಸುಖವಾಗಿರುವಾಗ ಸೊಲ್ಲಾಪುರದಲ್ಲಿ ಒಂದು ತರಬೇತಿಗೆ ಕರೆ ಬಂತು. ಜಗತ್ತಿನ ದೇಶ ದೇಶಗಳಲ್ಲಿ ಹದಿನೈದು ವರ್ಷದ ಮಕ್ಕಳಿಗೆ ಎಷ್ಟರ ಮಟ್ಟಿಗೆ ಓದಲು ಬರುತ್ತದೆ ಎಂದು ಅಳೆಯುತ್ತಾರಂತೆ. ಅದೇ ಮಾದರಿಯ ಒಂದು ತಾಲೀಮು ಪರೀಕ್ಷೆಯನ್ನು ನಾವೂ ಮಾಡಬೇಕಂತೆ. ತರಬೇತಿ ಕೊಡುವ ಸಾಹೇಬರು ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿದರು, ದೇಶಕ್ಕೊಂದು ಗೆರೆ. ಹಿಮ ಬೀಳುವ ಶ್ರೀಮಂತ ದೇಶಗಳ ಗೆರೆಗಳೂ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದ್ದವು. ಅದನ್ನು ಕಂಡು ತೂಕಡಿಸುತ್ತಿದ್ದ ಸಭೆಗೆ ಜೀವ ಬಂತು. ನನ್ನ ಪಕ್ಕದಲ್ಲಿದ್ದ ಬೇರೆ ಊರಿನ ಗುರುಗಳೊಬ್ಬರು, “ನೋಡ್ರಿ, ಅವರ ಹುಡುಗ್ರೂ ಮೊಬೈಲ ಹಿಡಕೊಂಡ ಕುಂಡ್ರತಾವ” ಎಂದು ಪರಮ ತೃಪ್ತಿಯಿಂದ ಅವಲಕ್ಕಿ ಮುಗಿಸಿದರು. ಇದರಲ್ಲಿ ನಮ್ಮ ಗೆರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಊಟ ತಡವಾಗುತ್ತಿತ್ತು.

ಊಟದ ಮೇಲೆ ಉತ್ತರಗಳನ್ನು ತಿದ್ದುವುದು ಹೇಗೆ ಎಂಬ ಪಾಠವಿತ್ತು. ಇಷ್ಟು ವರ್ಷ ತಿದ್ದಿ ತಿದ್ದಿ ಕನ್ನಡಕದ ನಂಬರು ಏರಿಸಿಕೊಂಡವಳಿಗೆ ಇವರು ಹೇಳಿಕೊಡುವುದೇನು? ಹಾಜರಿಗೆ ಸಹಿ ಹಾಕಿ, ಅವರು ಕೊಟ್ಟ ಕೈಪಿಡಿಯನ್ನು ಚೀಲಕ್ಕೆ ತುರುಕಿ, ಹಿಂಬಾಗಿಲಿನಿಂದ ಹೊರಬಿದ್ದು ನವಿ ಪೇಠದ ಬಜಾರಿಗೆ ಹೋಗಿ ಎರಡು ಚಾದರ ಕೊಂಡೆ. ಚಾದರಗಳ ಬಗ್ಗೆ ದೂರಿಲ್ಲ, ಇನ್ನೂ ಬಣ್ಣ ಬಿಟ್ಟಿಲ್ಲ.

ಪರೀಕ್ಷೆಯ ದಿನ ಬಂತು. ಒಂದು ಪುಟದ ಪಾಠ, ಮಕ್ಕಳು ಮೊದಲು ಕಂಡಿರದದ್ದು. ಕುರಿಗಳು ಯೋಚನೆ ಮಾಡದೆ ಮುಂದಿನದರ ಬೆನ್ನು ಹತ್ತಿ ಹೋಗುತ್ತವೆ, ವಿದ್ಯಾರ್ಥಿಗಳು ಹಾಗಾಗದೆ ಸ್ವಂತ ಬುದ್ಧಿಯಿಂದ ನಡೆಯಬೇಕು ಎಂಬುದು ಅದರ ಸಾರ. ಕೊನೆಯ ಪ್ರಶ್ನೆ: ಲೇಖಕರ ಮಾತು ನಿಮಗೆ ಒಪ್ಪಿಗೆಯೇ, ಏಕೆ? ಹತ್ತನೇ ತರಗತಿಗೆ ತರಗತಿಯೇ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿತು.

“ಮ್ಯಾಡಮ್‌ರಿ, ಉತ್ತರ ಎಲ್ಲಿಂದ ಎಲ್ಲಿತನಕರಿ?”

ಸಹಾಯ ಮಾಡಬಾರದೆಂಬ ನಿಯಮ ನನಗೂ ಗೊತ್ತಿತ್ತು. ಆದರೆ ಜಗತ್ತಿನ ಎದುರು ನಮ್ಮ ಮಕ್ಕಳ ಮಾನ ಹೋಗಬಾರದಲ್ಲ! ಬಾಯಿ ಬಿಚ್ಚದೆ ಬೆಂಚುಗಳ ನಡುವೆ ಅಡ್ಡಾಡುತ್ತ, ಒಬ್ಬೊಬ್ಬರ ಪುಟದ ಎರಡನೇ ಪ್ಯಾರಾದ ಮೇಲೆ ಬೆರಳಿನಿಂದ ಕುಟ್ಟುತ್ತ ಹೋದೆ. ಮೂವತ್ತೊಂದು ಮಕ್ಕಳು ‘ಒಪ್ಪಿಗೆ ಇದೆ’ ಎಂದು ಬರೆದು ಆ ಪ್ಯಾರಾವನ್ನು ಹಾಗೆಯೇ ಇಳಿಸಿದರು. ಸ್ವಂತ ಬುದ್ಧಿಯಿಂದ ನಡೆಯಬೇಕೆಂದು ಮೂವತ್ತೊಂದು ಮಕ್ಕಳು ಒಂದಕ್ಷರ ಆಚೀಚೆಯಾಗದಂತೆ ಬರೆದದ್ದು ಆಗ ನನಗೆ ನಗು ತರಿಸಲಿಲ್ಲ. ಹೆಮ್ಮೆ ಎನಿಸಿತು.

ಕೊನೆಯ ಬೆಂಚಿನ ಒಬ್ಬಳು ಹುಡುಗಿ ಮಾತ್ರ ನಾನು ಎಷ್ಟು ಕುಟ್ಟಿದರೂ ತಲೆ ಎತ್ತಲಿಲ್ಲ. ಅವಳ ಮನೆಯವರು ಕುರಿ ಸಾಕುವವರು. ಪುಸ್ತಕದಲ್ಲಿ ಕಂಸ ಹಾಕುವುದರಲ್ಲಿಯೂ ಅವಳು ಯಾವಾಗಲೂ ಹಿಂದೆ. ಅವಳ ಉತ್ತರ ‘ಒಪ್ಪಿಗೆ ಇಲ್ಲ’ ಎಂದು ಶುರುವಾಗಿತ್ತು. ನನಗೆ ಅಷ್ಟು ಸಾಕಾಯಿತು. ಕೆಂಪು ಪೆನ್ನಿನಿಂದ ಒಂದು ದುಂಡನೆಯ ಸೊನ್ನೆ ಸುತ್ತಿದೆ.

ಮುಂದಿನ ವಾರ ಪಾಲಕರ ಸಭೆ. ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತರು.

“ಅಕ್ಕೋರ, ಹತ್ತನೇತ್ತ ಆದ ಮ್ಯಾಲ ಸೊಲ್ಲಾಪುರಕ್ಕ ಕಾಲೇಜಿಗಿ ಹೋಗ್ತೀನಂತ ಹಟಾ ಹಿಡದಾಳ. ಅಕಿಗಿ ಓದಾಕ ಬರ್ತದೋ ಇಲ್ಲೋ, ಖರೇ ಹೇಳ್ರಿ. ನೀವು ಹೇಳಿದಂಗ ಮಾಡ್ತೀನಿ.”

ನಾನು ಉತ್ತರಪತ್ರಿಕೆ ತೆಗೆದು ಸೊನ್ನೆ ತೋರಿಸಿದೆ. “ಬರಂಗಿಲ್ಲರಿ. ಇದು ಪರದೇಶದ ನಮೂನಿ ಪೇಪರ. ಪುಟದಾಗ ಏನ ಬರದಾರ ಅನ್ನೂದ ಅಕಿಗಿ ತಿಳೀವಲ್ದು.”

ಅವರಿಗೆ ಓದಲು ಬಾರದು. ಸೊನ್ನೆ ಮಾತ್ರ ಗೊತ್ತಾಯಿತು. “ಹಂಗಾದ್ರ ಬಿಡ್ರಿ. ಕುರಿ ಹಿಂದ ಮಂದಿ ಬೇಕಾಗ್ಯಾರ” ಎಂದು ಎದ್ದರು. ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನು ಒಮ್ಮೆ ನೋಡಿದಳು. ಅದು ಸೊಕ್ಕು ಎಂದು ನಾನು ತೀರ್ಮಾನಿಸಿದೆ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಅಂಕಗಳನ್ನು ಕಂಪ್ಯೂಟರಿಗೆ ತುಂಬುವ ದಿನ ಬಂದಾಗ ಕೈಪಿಡಿಯ ನೆನಪಾಯಿತು. ಪ್ರತಿ ಉತ್ತರಕ್ಕೂ ಅದರಲ್ಲಿದ್ದ ಸಂಕೇತ ಹಾಕಬೇಕಿತ್ತು. ಬೆಳಿಗ್ಗೆ ಶಾಲೆಗೆ ಹೊರಟು ಅಕ್ಕಲಕೋಟದಲ್ಲಿ ಕರಜಗಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಚಾದರದ ನೂಲಂಟಿದ್ದ ಆ ಕೈಪಿಡಿಯನ್ನು ಮೊದಲ ಸಲ ತೆರೆದೆ. ಕೊನೆಯ ಪ್ರಶ್ನೆಯ ಕೆಳಗೆ ಮರಾಠಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ, ಪಾಠವನ್ನು ಆಧರಿಸಿ ಸ್ವಂತ ಕಾರಣ ಕೊಟ್ಟವರಿಗೆ ಪೂರ್ತಿ ಅಂಕ. ಪಾಠದ ಸಾಲುಗಳನ್ನೇ ಇಳಿಸಿದವರಿಗೆ ಅಂಕವಿಲ್ಲ.

ಮಡಿಲಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟಿನಿಂದ ಅವಳ ಹಾಳೆ ಎಳೆದು ಓದಿದೆ. ‘ಒಪ್ಪಿಗೆ ಇಲ್ಲ. ಇವರು ಕುರಿ ಕಾದಿಲ್ಲ. ತೋಳ ಬಂದಾಗ ಒಂದೊಂದು ಕುರಿ ಒಂದೊಂದು ದಿಕ್ಕಿಗೆ ಓಡಿದರೆ ಸಾಯುತ್ತವೆ, ಕೂಡಿ ಓಡಿದರೆ ಉಳಿಯುತ್ತವೆ. ನೂರು ಮರಿ ಒದರಿದರೂ ತಾಯಿಗೆ ತನ್ನ ಮರಿಯ ದನಿ ಗೊತ್ತಾಗುತ್ತದೆ. ಅದಕ್ಕೆ ಬುದ್ಧಿ ಇದೆ. ಮಕ್ಕಳ ಬಗ್ಗೆ ಇವರು ಹೇಳಿದ್ದು ಸರಿ ಇರಬಹುದು, ಆದರೆ ಅದಕ್ಕೆ ಕುರಿಯ ಹೆಸರು ಕೆಡಿಸಬಾರದಿತ್ತು.’

ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಆದರೂ ಮುಖ ಬಿಸಿಯಾಗಿ ಸೆರಗಿನಿಂದ ಒರೆಸಿಕೊಂಡೆ. ಇಡೀ ತರಗತಿಯಲ್ಲಿ ಓದಲು ಬರುತ್ತಿದ್ದವಳು ಅವಳೊಬ್ಬಳೇ. ಅವಳನ್ನೇ ನಾನು ಮನೆಗೆ ಕಳಿಸಿದ್ದೆ.

ಇಳಿದವಳು ಶಾಲೆಗೆ ಹೋಗಲಿಲ್ಲ. ಬೀರೋಬಾನ ಗುಡಿಯ ಹಿಂದೆ ಅವರ ಹಟ್ಟಿ. ಹುಡುಗಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅಪ್ಪ “ಬರ್ರಿ ಅಕ್ಕೋರ” ಎಂದು ಕಂಬಳಿ ಹಾಸಿದರು.

“ನಂದ ಚೂಕ ಆಗೇದರಿ. ಸೊನ್ನಿ ಅಕಿದಲ್ಲ, ನಂದು” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಪರೀಕ್ಷೆಯ ಕುರಿ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿದೆ. ಅರ್ಧಕ್ಕೇ ಅವರು ನಕ್ಕರು. “ಇದನ್ನ ಬರದಾಂವ ಕುರಿ ದೂರಿಂದ ನೋಡ್ಯಾನ” ಎಂದರು. ಆಮೇಲೆ ಮಗಳ ಉತ್ತರ ಓದಿದೆ. ಈ ಸಲ ನಗಲಿಲ್ಲ. ತಿರುಗಿ ಅವಳನ್ನೇ ನೋಡುತ್ತ ಕೂತರು.

ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. “ಮ್ಯಾಡಮ್‌ರಿ, ಅವತ್ತ ಪೂರಾ ಓದಿದ್ರೇನ್ರಿ?”

“ಇಲ್ಲವ್ವಾ. ‘ಒಪ್ಪಿಗೆ ಇಲ್ಲ’ ಅನ್ನೂತನಕ ಅಷ್ಟ.”

ಅಪ್ಪ ನನ್ನ ಕಡೆ ತಿರುಗಿದರು. “ಓದಲಾರದೇ ಸೊನ್ನಿ ಕೊಟ್ಟೀರಿ, ನಾಳಿಗಿ ನೀವು ಸಾಲಿಗಿ ಹೋಗ್ತೀರಿ. ಓದಿ ಬರದಾಕಿ ಯಾಕ ಸಾಲಿ ಬಿಡಬೇಕ್ರಿ?”

ಹುಡುಗಿ ಕೈ ಒರೆಸಿಕೊಂಡು ಒಳಗೆ ಹೋಗಿ ಪುಸ್ತಕದ ಚೀಲ ತಂದಳು. ತಪ್ಪಿಹೋದ ಪಾಠ ಯಾವುದೆಂದು ಕೇಳಿದಳು. ಪುಟ ತೆಗೆದುಕೊಟ್ಟೆ. ಅಭ್ಯಾಸಬಲದಿಂದ ನನ್ನ ಕೈ ಪರ್ಸಿನೊಳಗೆ ಪೆನ್ಸಿಲ್ ಹುಡುಕುತ್ತಿತ್ತು, ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

“ಮೊದಲ ಪೂರಾ ಓದವಾ” ಎಂದೆ.

“ನೀವೂ ಓದ್ರಿ” ಎಂದಳು.