ಚೀಲಕ್ಕೆ ಎರಡು ರೂಪಾಯಿ ಧರ್ಮ

ಮೊನ್ನೆ ಶಿಕಾರಿಪುರದ ಮಂಡಿಯಲ್ಲಿ ತೊಂಬತ್ತೆರಡು ರೂಪಾಯಿಗೆ ಜಗಳ ತೆಗೆದೆ. ಹೌದು, ನಾನೇ. ಹೋಟೆಲಿನಲ್ಲಿ ಟಿಪ್ಸ್ ಅಂತ ಐವತ್ತು ಇಟ್ಟು ಬರುವ ನಾನೇ.

ಬಳ್ಳಿಗಾವಿ ಹತ್ತಿರದ ನಮ್ಮ ಹೊಲದ ಮೆಕ್ಕೆಜೋಳ, ನಲವತ್ತಾರು ಚೀಲ. ದಲ್ಲಾಳಿ ಬಸಣ್ಣ ಚೀಟಿಯಲ್ಲಿ ತೂಕ, ಹಮಾಲಿ ಎಲ್ಲ ಬರೆದು, ಕೊನೆಗೆ 'ಧರ್ಮ' ಅಂತ ಚೀಲಕ್ಕೆ ಎರಡು ರೂಪಾಯಿ ಮುರಿದುಕೊಂಡಿದ್ದ. ಮಾರುವವರದು ಎರಡು, ಕೊಳ್ಳುವವರದು ಎರಡು. ಹಳೇ ಪದ್ಧತಿ.

"ಯಾರ ಧರ್ಮ ಬಸಣ್ಣ? ನನ್ನ ಕೇಳಿ ಮುರಿದ್ರಾ?"

"ಅಕ್ಕಾರೆ, ನಿಮ್ಮಪ್ಪಾರು ಕೊಟ್ಟಾರ, ಅವರಪ್ಪಾರು ಕೊಟ್ಟಾರ. ಲೆಕ್ಕ ಕೇಳಿದೋರು ನೀವೊಬ್ರೇ ನೋಡ್ರಿ."

ನನಗೆ ರೇಗಿತು. "ಹೋದ ವರ್ಷ ಹೊಲದಲ್ಲೇ ಮಾರಿದೆ. ಲಾರಿ ಬಂತು, ಫೋನಿಗೆ ದುಡ್ಡು ಬಂತು. ಆ ಪಾರ್ಟಿ ಒಂದು ಪೈಸೆ ಮುರೀಲಿಲ್ಲ!"

ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದರು. "ಹಂಗಾರೆ ನೀವೂ ಒಬ್ರು," ಅಂದರು. ಬೈಗುಳವೇನಲ್ಲ. ಗುರುತು ಹಿಡಿದ ಹಾಗೆ.

ಅವರು ಸೊರಬ ಕಡೆಯವರು, ಕುಬಟೂರಿನ ನಾಗರತ್ನಕ್ಕ. ಗಂಡನಿಗೆ ಕಿಡ್ನಿ ಹೋಗಿದೆ. ಹತ್ತಿರದಲ್ಲಿ ಸರದಿ ಸಿಗದೆ ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಾರೆ. ಡಯಾಲಿಸಿಸ್ ಫ್ರೀ. ಹೋಗಿಬರುವುದು ಫ್ರೀ ಅಲ್ಲ. (ಸೂಜಿ ತೆಗೆದ ಮೇಲೆ ಆ ಮನುಷ್ಯನಿಗೆ ನಿಲ್ಲಲಿಕ್ಕೇ ಆಗುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ಬರುವುದು ಹೇಗೆ?) ಹಾಗಾಗಿ ಮಂಡಿಯವರದೊಂದು ವ್ಯಾನು. ಏಳು ಜನ ಪೇಷಂಟು. ಡೀಸೆಲ್ಲು, ಡ್ರೈವರ್ ಸಂಬಳ ಎಲ್ಲ ಈ ಧರ್ಮದ ದುಡ್ಡಿನಿಂದ.

ನನಗೆ ಗೊತ್ತೇ ಇರಲಿಲ್ಲ.

ಈಗ ಅರ್ಧಕ್ಕರ್ಧ ಜನ ಹೊಲದಲ್ಲೇ ಮಾರುತ್ತಾರೆ. ಮಂಡಿಗೆ ಚೀಲ ಬರುವುದಿಲ್ಲ, ಧರ್ಮ ಕೂಡುವುದಿಲ್ಲ. ತಿಂಗಳ ಕೊನೆಗೆ ವ್ಯಾನು ನಿಲ್ಲಿಸುತ್ತೇವೆ ಅಂದಿದ್ದಾರೆ ಮಂಡಿಯ ಹಿರಿಯರು. ನಿಲ್ಲಿಸಬೇಡಿ ಅಂತ ಕೇಳಲಿಕ್ಕೆ ನಾಗರತ್ನಕ್ಕ ಬಂದಿದ್ದರು.

"ಮೂರು ಸಲದ್ದು ಎರಡಕ್ಕೆ ಇಳಿಸಿದ್ರೆ ಏನಾಗ್ತದೆ ಅಂತ ಡಾಕ್ಟ್ರನ್ನ ಕೇಳಿದೆ," ಅಂದರು. "ಅವರು ಸುಮ್ನೆ ನನ್ನ ಮುಖ ನೋಡಿದ್ರು ಮಾರಾಯ್ರೇ."

ನಾನು ಚೀಟಿ ಮಡಚಿಟ್ಟೆ.

ಬಸಣ್ಣನೇ ನನ್ನ ಪರ ನಿಂತ. "ಅಕ್ಕಾರನ್ನ ಅನ್ನಬ್ಯಾಡ್ರಿ. ಹೊಲದಾಗ ನಾಕು ರೂಪಾಯಿ ಜಾಸ್ತಿ ಸಿಕ್ರ ಯಾರು ಬಿಡ್ತಾರ? ಚೀಲ ಹೊತ್ತು ತಂದೋರ ಹತ್ರ ನಾವು ಮುರೀತೀವಿ. ಫೋನಿನಾಗ ಲಾರಿಗಟ್ಲೆ ಮಾರೋರನ್ನ ಎಲ್ಲಿ ಹಿಡಿಯೂಣು?"

ಹೌದಲ್ಲ? ಒಂದು ತೆನೆಯನ್ನೂ ಮುಟ್ಟದವರು ಇದೇ ಜೋಳವನ್ನು ಸ್ಕ್ರೀನಿನ ಮೇಲೆ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುತ್ತಾರೆ. ಷೇರೂ ಹಾಗೇ. ನನ್ನ ಫೋನಿನಲ್ಲೂ ಒಂದು ಆ್ಯಪ್ ಇದೆ, ಸುಳ್ಳು ಯಾಕೆ ಹೇಳಲಿ. ನಾಗರತ್ನಕ್ಕ ಒಂದು ಸೋಪು ಕೊಂಡರೂ ತೆರಿಗೆ ಕಟ್ಟುತ್ತಾರೆ. ಕೋಟಿಗಟ್ಟಲೆ ಹಾರಾಡುವ ದುಡ್ಡಿನಿಂದ ಲಕ್ಷಕ್ಕೆ ಹತ್ತು ರೂಪಾಯಿ ಮುರಿದು, ಇದು ಆಸ್ಪತ್ರೆಗೆ, ಇದು ವ್ಯಾನಿಗೆ ಅಂತ ಹೆಸರು ಹಾಕಿ ಎತ್ತಿಟ್ಟರೆ ಆಗದೇ? (ಷೇರಿಗೆ ಈಗಲೂ ಒಂಚೂರು ತೆರಿಗೆ ಇದೆ, ಗೊತ್ತು. ಅದು ಯಾವ ವ್ಯಾನಿಗೆ ಡೀಸೆಲ್ ಹಾಕಿತು ಅನ್ನುವುದಷ್ಟೇ ಗೊತ್ತಿಲ್ಲ.)

ಹೋದ ವರ್ಷದ ಧರ್ಮವನ್ನೂ ಸೇರಿಸಿ ಕೊಟ್ಟುಬಂದೆ. ದೊಡ್ಡಸ್ತಿಕೆಯಲ್ಲ. ಅಷ್ಟು ದುಡ್ಡಿನಲ್ಲಿ ವ್ಯಾನು ಶಿವಮೊಗ್ಗ ಮುಟ್ಟಿ ವಾಪಸ್ಸೂ ಬರುವುದಿಲ್ಲ. ಹಿರಿಯರು ಕೊನೆಗೂ ಇನ್ನೊಂದು ತಿಂಗಳು ಓಡಿಸಲು ಒಪ್ಪಿದರು. ಆಮೇಲೆ? ಅವರಿಗೂ ಗೊತ್ತಿಲ್ಲ.

ಲಕ್ಷಕ್ಕೆ ಹತ್ತು ರೂಪಾಯಿ ಕೊಟ್ಟರೆ ಮುಳುಗಿಹೋಗುವವರು ಯಾರಾದರೂ ಇದ್ದರೆ ಕಮೆಂಟಿನಲ್ಲಿ ಬರೆಯಿರಿ, ನಾಗರತ್ನಕ್ಕನ ಗಂಡನಿಗೆ ನಾನೇ ಓದಿ ಹೇಳುತ್ತೇನೆ.